ದರಪಟ್ಟಿ ಅಚ್ಚು ಹಾಕಿಸಬೇಡಿ ಎಂದೆವು, ಏಕೆ?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮೂವರು ನಮ್ಮ ಪಕ್ಷದ ಕಚೇರಿಗೆ ಬಂದರು. ಒಬ್ಬರು ಮದ್ದೂರಿನಲ್ಲಿ, ಇನ್ನೊಬ್ಬರು ಮಳವಳ್ಳಿಯಲ್ಲಿ ಫಿಸಿಯೋಥೆರಪಿ ಚಿಕಿತ್ಸೆ ಕೊಡುವವರು. ಮೂರನೆಯವರು ಮಂಡ್ಯದಲ್ಲಿ ಸಣ್ಣದೊಂದು ಕೋಣೆ ಬಾಡಿಗೆಗೆ ಹಿಡಿದು, ಮನಸ್ಸಿನ ತೊಂದರೆಯಲ್ಲಿರುವವರಿಗೆ ಆಪ್ತಸಲಹೆ ನೀಡುವ ಹೆಣ್ಣುಮಗಳು. ಅವರ ಕೈಯಲ್ಲಿ ಒಂದು ಹಾಳೆ ಇತ್ತು. ತಲೆಯ ಮೇಲೆ ಸಂಘದ ಹೆಸರಿಗೆ ಜಾಗ ಬಿಟ್ಟಿದ್ದರು. ಕೆಳಗೆ ಸೊಂಟನೋವಿಗೆ ಇಷ್ಟು, ಲಕ್ವಕ್ಕೆ ಇಷ್ಟು, ಮನೆಗೆ ಹೋದರೆ ಇಷ್ಟು, ಒಂದು ಗಂಟೆ ಸಲಹೆಗೆ ಇಷ್ಟು ಎಂದು ದರ ಬರೆದಿತ್ತು. "ಮೇಷ್ಟ್ರೇ, ಮೂರು ತಾಲ್ಲೂಕಿನವರೂ ಸೇರಿ ಇದಕ್ಕಿಂತ ಕಮ್ಮಿ ಯಾರೂ ತಗೋಬಾರದು ಅಂತ ತೀರ್ಮಾನ ಮಾಡಿದ್ದೀವಿ. ನಿಮ್ಮ ಪತ್ರಿಕೆ ಅಚ್ಚಾಗೋ ಕಡೆಯೇ ಇದನ್ನೂ ಅಚ್ಚು ಹಾಕಿಸಿಕೊಡಿ. ಉದ್ಘಾಟನೆಗೂ ನೀವೇ ಬರಬೇಕು" ಎಂದರು.

ಸಂಘ ಕಟ್ಟಿ, ಬರುತ್ತೇವೆ ಎಂದೆವು. ಹಾಳೆಯನ್ನು ಮಾತ್ರ ಅಚ್ಚು ಹಾಕಿಸಬೇಡಿ ಎಂದೆವು.

ಈ ಸುದ್ದಿ ಹರಡಿದ ಮೇಲೆ ನಮ್ಮವರೇ ನಮ್ಮನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ಸಂಗಾತಿಯೊಬ್ಬರು, "ದಿನ ಬೆಳಗಾದರೆ ಒಂದಾಗಿ ಒಂದಾಗಿ ಎಂದು ಭಾಷಣ ಮಾಡುವವರು, ಒಂದಾಗಿ ಬಂದ ಮೂವರನ್ನು ಬೇಡ ಎಂದು ಕಳಿಸಿದಿರಲ್ಲ, ಇದು ಯಾವ ಸಮಾಜವಾದ?" ಎಂದು ಕೇಳಿದರು. ಪೇಟೆ ಬೀದಿಯ ಔಷಧಿ ವರ್ತಕರೊಬ್ಬರು ನಕ್ಕು, "ನಮ್ಮ ಸಂಘಕ್ಕೆ ಆದದ್ದೇ ಇವರಿಗೂ ಆಗಲಿ ಬಿಡಿ" ಎಂದರು. ಇಬ್ಬರಿಗೂ ಉತ್ತರ ಕೊಡಬೇಕಾಗಿದೆ.

ಮೊದಲು ಈ ಮೂವರ ಕಷ್ಟ ಎಂಥದು ಎಂಬುದನ್ನು ಓದುಗರು ತಿಳಿಯಬೇಕು. ಆಲೆಮನೆಯ ಗಾಣಕ್ಕೆ ಕೈ ಕೊಟ್ಟವನು, ಮೂಟೆ ಹೊತ್ತು ಸೊಂಟ ಹಿಡಿದ ಹಮಾಲಿ, ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋದ ಮುದುಕ, ಇವರೆಲ್ಲ ಆಸ್ಪತ್ರೆಯಿಂದ ಹೊರಬಿದ್ದ ಮೇಲೆ ಹೋಗುವುದು ಇಂಥವರ ಬಳಿಗೆ. ಡಾಕ್ಟರು ಒಂದು ದಿನ ನೋಡಿ ಚೀಟಿ ಬರೆದರೆ, ಇವರು ಹದಿನೈದು ದಿನ, ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಕೈಕಾಲು ಹಿಡಿದು ನಡೆಸಬೇಕು. ಇವರ ಬಂಡವಾಳವೆಂದರೆ ಕಲಿತ ವಿದ್ಯೆ, ಎರಡು ಕೈ, ಸಾಲ ಮಾಡಿ ತಂದ ಒಂದೆರಡು ಕರೆಂಟು ಯಂತ್ರ. ಬಾಡಿಗೆ ಏರುತ್ತದೆ; ರೋಗಿಯ ಜೇಬು ಏರುವುದಿಲ್ಲ. ಇದರ ಮೇಲೆ ದೊಡ್ಡ ಆಸ್ಪತ್ರೆಯವರೂ ವಿಮಾ ಕಂಪನಿಯವರೂ, "ನಾವು ಕಳಿಸುವ ರೋಗಿಗೆ ಇಷ್ಟೇ ಕೊಡುತ್ತೇವೆ, ಒಪ್ಪಿದರೆ ರುಜು ಹಾಕಿ, ಇಲ್ಲದಿದ್ದರೆ ಬೇರೆಯವರಿದ್ದಾರೆ" ಎನ್ನುತ್ತಾರೆ. ಒಬ್ಬರು ಇಲ್ಲವೆಂದರೆ ಪಕ್ಕದ ಬೀದಿಯವರು ಹೌದೆನ್ನುತ್ತಾರೆ. ಹೀಗೆ ಒಬ್ಬರನ್ನು ತೋರಿಸಿ ಇನ್ನೊಬ್ಬರ ದರ ಇಳಿಸುವ ಆಟ ಕಬ್ಬು ಬೆಳೆದವರಿಗೆ ಹೊಸದಲ್ಲ.

ಹಾಗಾದರೆ ಒಂದಾಗುವುದು ಏಕೆ ಬೇಡ? 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮನ್ನು ನೋಡಿ. ಒಂದೇ ಬಗೆಯ ವ್ಯಾಪಾರ ಅಥವಾ ಸೇವೆಯಲ್ಲಿರುವವರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಬೆಲೆ ಗೊತ್ತುಮಾಡಿದರೆ, ಸೇವೆಯನ್ನು ತಡೆಹಿಡಿದರೆ, ಊರು ಹಂಚಿಕೊಂಡರೆ, ಅದರಿಂದ ಸ್ಪರ್ಧೆಗೆ ಹಾನಿಯಾಗಿದೆ ಎಂದೇ ಕಾಯಿದೆ ಭಾವಿಸುತ್ತದೆ. ಹಾನಿಯಾಗಿಲ್ಲ ಎಂದು ತೋರಿಸುವ ಹೊರೆ ಒಪ್ಪಂದ ಮಾಡಿಕೊಂಡವರ ಮೇಲೆ. ಒಪ್ಪಂದ ಬರವಣಿಗೆಯಲ್ಲೇ ಇರಬೇಕೆಂದಿಲ್ಲ. ಟೀ ಅಂಗಡಿಯಲ್ಲಿ ಆಡಿಕೊಂಡ ಮಾತೂ ಸಾಕು, ಮೊಬೈಲಿನಲ್ಲಿ ಕಳಿಸಿದ ಸಂದೇಶವಂತೂ ಧಾರಾಳ ಸಾಕು. "ಹಲಗೂರು ನಿನಗೆ, ಕಿರುಗಾವಲು ನನಗೆ" ಎಂದು ಇಬ್ಬರು ಹಂಚಿಕೊಂಡರೂ ಅದೇ ತಪ್ಪು. ದಂಡ ವಹಿವಾಟಿನ ಶೇಕಡಾ 10ರವರೆಗೆ ಹೋಗಬಹುದು. ಕೂಟ ಕಟ್ಟಿ ಬೆಲೆ ಏರಿಸಿದ್ದಾದರೆ ಲಾಭದ ಮೂರು ಪಟ್ಟಿನ ಲೆಕ್ಕವೂ ಉಂಟು. ಸಂಘದ ಪದಾಧಿಕಾರಿಗಳ ಕೈಯಿಂದಲೂ ಬೇರೆ ಕಟ್ಟಿಸಬಹುದು. ದೂರು ಕೊಡಲು ಯಾರಿಗೂ ಹಕ್ಕಿದೆ. ದೆಹಲಿಯ ಆಯೋಗ ಮದ್ದೂರಿನ ಮೂವರನ್ನು ಯಾಕೆ ಕೇಳುತ್ತದೆ ಎನ್ನುವವರು, ದರ ಇಳಿಸಿ ಕೊಳ್ಳುವ ಕಂಪನಿಯ ಬಳಿ ವಕೀಲರಿದ್ದಾರೆ ಎಂಬುದನ್ನು ಮರೆಯಬಾರದು.

2023ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆ ಕಸುಬಿನವನಲ್ಲದಿದ್ದರೂ ಅಂಥ ಒಪ್ಪಂದವನ್ನು ನಡೆಸಲು ಕೈ ಹಾಕಿದವನನ್ನು ಅದರಲ್ಲಿ ಭಾಗಿಯೆಂದೇ ಎಣಿಸುತ್ತಾರೆ. ಅಂದರೆ ದರಪಟ್ಟಿ ಅಚ್ಚು ಹಾಕಿಸಿ, ಸಭೆ ಕರೆದು, ಹಾರ ಹಾಕಿಸಿಕೊಂಡ ಈ ಸಂಪಾದಕನೂ ಸಾಲಿನಲ್ಲಿ ನಿಲ್ಲಬೇಕಾಗಬಹುದು. ನಮ್ಮ ವಹಿವಾಟಿನ ಶೇಕಡಾ ಹತ್ತು ಎಷ್ಟೆಂಬುದು ನಮ್ಮ ಚಂದಾದಾರರಿಗೆ ಚೆನ್ನಾಗಿ ಗೊತ್ತು.

ನಕ್ಕ ಔಷಧಿ ವರ್ತಕರ ಮಾತಿಗೆ ಬರೋಣ. ಬೆಂಗಳೂರಿನ ಸಗಟು ವರ್ತಕರೊಬ್ಬರಿಗೆ ಕಂಪನಿಯಿಂದ ಔಷಧಿ ಬರಲಿಲ್ಲ. ರಾಜ್ಯದ ಔಷಧಿ ವ್ಯಾಪಾರಿಗಳ ಸಂಘದ ನಿರಾಕ್ಷೇಪಣಾ ಪತ್ರ ಇಲ್ಲವೆಂಬುದೇ ಕಾರಣ ಎಂದು ಅವರು 2013ರಲ್ಲಿ ದೂರು ಕೊಟ್ಟರು. 2016ರ ಜುಲೈಯಲ್ಲಿ ಆಯೋಗ ಸಂಘಕ್ಕೆ 8 ಲಕ್ಷ ರೂಪಾಯಿಗೂ ಮೇಲೆ, ಲೂಪಿನ್ ಕಂಪನಿಗೆ 72 ಕೋಟಿಗೂ ಮೇಲೆ ದಂಡ ಹಾಕಿತು. ಅದೇ ವರ್ಷದ ಕೊನೆಗೆ ಮೇಲ್ಮನವಿ ಮಂಡಳಿಯಲ್ಲಿ ಆ ಆದೇಶ ರದ್ದಾಯಿತು. ಆದರೆ ಅಲ್ಲಿಯವರೆಗೆ ಓಡಾಡಿದ ಖರ್ಚನ್ನು ಕಂಪನಿ ತಾಳಿಕೊಂಡೀತು, ಅಂಗಡಿಯವರ ಸಂಘ ತಾಳುವುದು ಕಷ್ಟ. ಇನ್ನೊಂದು ಪ್ರಕರಣ ಸಿನಿಮಾ ನೋಡುವ ಎಲ್ಲರಿಗೂ ಗೊತ್ತಿದ್ದದ್ದೇ. ಬೇರೆ ಭಾಷೆಯ ಚಿತ್ರವನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡಕೂಡದೆಂದು ತಡೆದ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಅದರ ಜೊತೆಯವರಿಗೂ 2015ರಲ್ಲಿ ಆಯೋಗ ದಂಡ ವಿಧಿಸಿತು. ಭಾಷೆಯ ಹೆಸರಾಗಲಿ ಕಾರ್ಮಿಕರ ಹೊಟ್ಟೆಪಾಡಿನ ಹೆಸರಾಗಲಿ ಅಲ್ಲಿ ರಕ್ಷೆಯಾಗಲಿಲ್ಲ. ಬಂಗಾಳದಲ್ಲಿ ಡಬ್ಬಿಂಗ್ ಧಾರಾವಾಹಿಯನ್ನು ತಡೆದ ಕಲಾವಿದರ, ತಂತ್ರಜ್ಞರ ಸಮಿತಿಯ ವಿಚಾರದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಇದೇ ದಾರಿ ಹಿಡಿಯಿತು. ವ್ಯವಹಾರದಲ್ಲಿ ಕೈ ಇರುವವರೊಡನೆ ಕೂಡಿ ಮಾರುಕಟ್ಟೆಯ ಬಾಗಿಲು ಮುಚ್ಚಿದರೆ, ನಮ್ಮದು ಟ್ರೇಡ್ ಯೂನಿಯನ್ ಎಂಬ ಬೋರ್ಡು ಕಾಪಾಡುವುದಿಲ್ಲ.

ಇಲ್ಲೇ ಕಾರ್ಖಾನೆಯ ಸಂಗಾತಿಗೆ ಉತ್ತರವಿದೆ. ಕೂಲಿಕಾರರು ಒಂದಾಗಿ ಕೂಲಿ ಕೇಳಿದರೆ ಅದು ಒಳಸಂಚಲ್ಲ ಎಂದು 1926ರ ಟ್ರೇಡ್ ಯೂನಿಯನ್ ಕಾಯಿದೆ ರಕ್ಷಣೆ ಕೊಟ್ಟಿತು. (ಅದನ್ನು ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿಸಿ ಏನೇನು ಮಾಡಿದ್ದಾರೆ ಎಂಬುದು ಬೇರೆಯೇ ಒಂದು ಸಂಪಾದಕೀಯದ ವಿಷಯ.) ಆ ರಕ್ಷಣೆ ಬಿಟ್ಟಿ ಬಂದದ್ದಲ್ಲ. ಅಮೆರಿಕದಲ್ಲಿ 1890ರಲ್ಲಿ ಎಣ್ಣೆ, ಸಕ್ಕರೆ, ರೈಲು ದೊರೆಗಳ ಕೂಟಗಳನ್ನು ಒಡೆಯಬೇಕೆಂದು ಷರ್ಮನ್ ಕಾಯಿದೆ ಮಾಡಿದರು. ಅದರ ಪೆಟ್ಟು ತಿಂದವರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಹ್ಯಾಟು ಹೊಲಿಯುವ ಕಾರ್ಮಿಕರೂ ಇದ್ದರು. ಅವರು ಒಬ್ಬ ಮಾಲೀಕನ ಹ್ಯಾಟು ಕೊಳ್ಳಬೇಡಿ ಎಂದು ಬಹಿಷ್ಕಾರ ಹೂಡಿದ್ದಕ್ಕೆ, ಅದು ವ್ಯಾಪಾರಕ್ಕೆ ಅಡ್ಡಿ ಎಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹೋರಾಟ ನಡೆದು 1914ರಲ್ಲಿ, ಮನುಷ್ಯನ ದುಡಿಮೆ ಸರಕಲ್ಲ ಎಂಬ ಮಾತನ್ನು ಕಾಯಿದೆಯಲ್ಲಿ ಬರೆಸಬೇಕಾಯಿತು. ಆ ಮಾತಿನ ನೆರಳು ಬಿದ್ದದ್ದು ಸಂಬಳಕ್ಕೆ ದುಡಿಯುವವನ ಮೇಲೆ. ಸ್ವಂತ ಬೋರ್ಡು ಹಾಕಿಕೊಂಡವನ ಮೇಲೆ ಬೀಳಲಿಲ್ಲ. ಆರಿಜೋನಾ ಪ್ರಾಂತ್ಯದಲ್ಲಿ ಡಾಕ್ಟರುಗಳ ಸಂಘವೊಂದು ಇದಕ್ಕಿಂತ ಹೆಚ್ಚು ಫೀಸು ತೆಗೆದುಕೊಳ್ಳಬಾರದು ಎಂದು ಗರಿಷ್ಠ ದರ ಗೊತ್ತುಮಾಡಿತ್ತು. ಗರಿಷ್ಠವಾದರೂ ಅಷ್ಟೇ, ಕನಿಷ್ಠವಾದರೂ ಅಷ್ಟೇ, ಸ್ಪರ್ಧಿಗಳು ಕೂತು ಬೆಲೆ ಕಟ್ಟುವುದೇ ತಪ್ಪು ಎಂದು 1982ರಲ್ಲಿ ತೀರ್ಪಾಯಿತು. ಇಂದಿಗೂ ಅಲ್ಲಿ ಸ್ವಂತ ಕೋಣೆಯಲ್ಲಿ ಮನೋಚಿಕಿತ್ಸೆ ಮಾಡುವವರು ವಿಮಾ ಕಂಪನಿಯೊಡನೆ ಒಟ್ಟಾಗಿ ದರದ ಮಾತಾಡಲು ಹೆದರುತ್ತಾರೆ.

ನಮ್ಮಲ್ಲಿ ಏಕಸ್ವಾಮ್ಯದ ವಿರುದ್ಧ ಕಾಯಿದೆ ಬೇಕೆಂದು ಕೂಗಿದವರು ಸಮಾಜವಾದಿಗಳೇ. ಸಂಪತ್ತು ಕೆಲವರ ಕೈಯಲ್ಲಿ ಕೂಡಬಾರದು ಎಂದು ಸಂವಿಧಾನದ 39ನೆಯ ಅನುಚ್ಛೇದ ಹೇಳುತ್ತದೆ. 1964ರಲ್ಲಿ ಏಕಸ್ವಾಮ್ಯ ವಿಚಾರಣಾ ಆಯೋಗ ಬಂತು, 1969ರಲ್ಲಿ ಕಾಯಿದೆ ಬಂತು. ಆ ಕಾಯಿದೆ ಕಾರ್ಮಿಕ ಸಂಘಗಳನ್ನು ಹೆಸರಿಟ್ಟು ಹೊರಗಿಟ್ಟಿತ್ತು. 1991ರಲ್ಲಿ ಅದರ ಹಲ್ಲು ಕಿತ್ತರು, 2009ರಲ್ಲಿ ಅದನ್ನೇ ಕಿತ್ತುಹಾಕಿದರು. ಅದರ ಜಾಗಕ್ಕೆ ಬಂದ ಈಗಿನ ಕಾಯಿದೆ ದೊಡ್ಡವನು ದೊಡ್ಡವನಾಗಿರುವುದನ್ನೇ ಆಕ್ಷೇಪಿಸುವುದಿಲ್ಲ. ದೊಡ್ಡತನದ ದುರುಪಯೋಗವಾದರೆ ಮಾತ್ರ ನೋಡೋಣ ಎನ್ನುತ್ತದೆ.

ಇದು ಮಂಡ್ಯದಲ್ಲಿ ಏನಾಗಿ ಕಾಣುತ್ತದೆ? ಒಂದು ದೊಡ್ಡ ಆಸ್ಪತ್ರೆಯ ಕಂಪನಿ ನೂರು ಫಿಸಿಯೋಥೆರಪಿಯವರನ್ನು ಸಂಬಳಕ್ಕಿಟ್ಟುಕೊಂಡು ನೂರು ಕಡೆಯೂ ಒಂದೇ ದರ ಕಟ್ಟಿದರೆ ಅದು ಕೂಟವಲ್ಲ. ಒಂದು ಸಂಸ್ಥೆ ತನ್ನೊಳಗೆ ತಾನು ಮಾತಾಡಿಕೊಂಡಂತೆ. ಮೂರು ಬೀದಿಯ ಮೂವರು ಒಂದೇ ದರ ಎಂದರೆ ಕೂಟ. ಆ ಕಂಪನಿ ಮೂವರ ಕೋಣೆಗಳನ್ನೂ ಕೊಂಡುಬಿಟ್ಟರೆ? ಆಗಲೂ ಆಯೋಗವನ್ನು ಕೇಳಬೇಕಾಗಿಲ್ಲ. ಕೊಳ್ಳಲ್ಪಡುವ ಸಂಸ್ಥೆಯ ಆಸ್ತಿ 450 ಕೋಟಿ ರೂಪಾಯಿಯೊಳಗೆ, ಇಲ್ಲವೆ ವಹಿವಾಟು 1,250 ಕೋಟಿಯೊಳಗೆ ಇದ್ದರೆ ಸಾಮಾನ್ಯವಾಗಿ ಮುಂಚಿತ ಅನುಮತಿ ಬೇಡವೆಂದು 2024ರ ನಿಯಮ ಹೇಳುತ್ತದೆ. ಅಂದರೆ ಕೊಳ್ಳುವವನಿಗೆ ಸಾವಿರಾರು ಕೋಟಿಯವರೆಗೆ ವಿನಾಯಿತಿ, ಕೂಡಿ ಬದುಕುವವನಿಗೆ ಮುನ್ನೂರು ರೂಪಾಯಿಗೂ ವಿನಾಯಿತಿ ಇಲ್ಲ. 2023ರಲ್ಲಿ ಸಿಂಗಾಪುರದ ಟೆಮಾಸೆಕ್ ಸಂಸ್ಥೆ ಮಣಿಪಾಲ ಆಸ್ಪತ್ರೆಗಳ ಬಹುಪಾಲು ಷೇರನ್ನು ಕೊಂಡಿತು. ಅಂಥ ದೊಡ್ಡ ವ್ಯವಹಾರಗಳು ಆಯೋಗದ ಮುಂದೆ ಬರುತ್ತವೆ, ಒಪ್ಪಿಗೆ ಪಡೆಯುತ್ತವೆ. ಚಿಕ್ಕ ಊರುಗಳ ಚಿಕ್ಕ ಕೋಣೆಗಳು ಒಂದೊಂದಾಗಿ ಕರಗಿದರೆ ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ದೊಡ್ಡವರಿಗೆ ದಂಡವೇ ಬೀಳುವುದಿಲ್ಲ ಎಂದು ನಾವು ಹೇಳುವುದಿಲ್ಲ. ಕೇರಳದ ಬಡವರ ಆರೋಗ್ಯ ವಿಮೆಯ ಟೆಂಡರಿನಲ್ಲಿ ಒಳಗೊಳಗೇ ಮಾತಾಡಿಕೊಂಡದ್ದಕ್ಕೆ ನಾಲ್ಕು ಸರ್ಕಾರಿ ವಿಮಾ ಕಂಪನಿಗಳಿಗೆ 2015ರಲ್ಲಿ 671 ಕೋಟಿ ದಂಡ ಬಿತ್ತು. ಮರುವರ್ಷ ಮೇಲ್ಮನವಿಯಲ್ಲಿ ತಪ್ಪು ಉಳಿಯಿತು, ದಂಡ ಸುಮಾರು 2 ಕೋಟಿಗೆ ಇಳಿಯಿತು. ಲೆಕ್ಕದ ಮೇಷ್ಟರಿಗೆ ಇಂಥ ಕಳೆಯುವ ಲೆಕ್ಕ ಮಕ್ಕಳಿಗೆ ಕೊಡಲು ಬರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೂ ಆ ಹಾಳೆ ಸರಿಯಿಲ್ಲ ಎಂದೇ ನಮ್ಮ ಅಭಿಪ್ರಾಯ, ಮತ್ತು ಅದಕ್ಕೆ ಕಾಯಿದೆಯ ಭಯ ಒಂದೇ ಕಾರಣವಲ್ಲ. ಆ ದರ ಯಾರ ಮೇಲೆ ಬೀಳುತ್ತದೆ? ದಿನಕ್ಕೆ ಮುನ್ನೂರರಂತೆ ಹದಿನೈದು ದಿನ ಎಂದರೆ ನಾಲ್ಕೂವರೆ ಸಾವಿರ. ಅದನ್ನು ಕೊಡುವವನು ವಿಮಾ ಕಂಪನಿಯಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿ ತುಂಬುವ ಹಮಾಲಿ. ಇನ್ನೂರಕ್ಕೆ ಮಾಡಿಕೊಡುವ ಒಬ್ಬರಿದ್ದರೆ ಅವರ ಕೈ ಕಟ್ಟುವ ಹಕ್ಕು ಸಂಘಕ್ಕಿಲ್ಲ. ಮೇಲಿನವನ ಎದುರು ಒಂದಾಗುವುದು ಬೇರೆ, ಕೆಳಗಿನವನ ಮೇಲೆ ಒಂದಾಗುವುದು ಬೇರೆ. ಕಾಯಿದೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದೆ. ಅದು ಕಾಯಿದೆಯ ತಪ್ಪು. ಬಂದ ಮೂವರೂ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದರು. ಅದು ಅವರ ತಪ್ಪು. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಮಸೂದೆಯ ವಿರುದ್ಧ ರಾಜ್ಯದ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿಕೊಂಡು ಕೂತಾಗ, ಸರ್ಕಾರದ ಕಿವಿ ಹಿಂಡಲು ಹೋಗಿ ರೋಗಿಯ ಕಿವಿ ಹಿಂಡಿದ್ದನ್ನು ಕಂಡಿದ್ದೇವೆ.

ಮೇಲಿನವನ ಎದುರು ಒಂದಾಗಲು ಕಾಯಿದೆ ಬಾಗಿಲು ತೆರೆಯಬಹುದು ಎಂಬುದಕ್ಕೆ ಬೇರೆ ದೇಶಗಳಲ್ಲಿ ನಿದರ್ಶನವಿದೆ. ಆಸ್ಟ್ರೇಲಿಯದಲ್ಲಿ 2021ರಿಂದ ವರ್ಷಕ್ಕೆ ಒಂದು ಕೋಟಿ ಡಾಲರಿನೊಳಗೆ ವಹಿವಾಟುಳ್ಳ ಸಣ್ಣವರು ಒಂದು ನಮೂನೆ ತುಂಬಿ ತಿಳಿಸಿದರೆ, ತಾವು ಮಾರುವ ಅಥವಾ ಕೊಳ್ಳುವ ದೊಡ್ಡವನೊಡನೆ ಒಟ್ಟಾಗಿ ಚೌಕಾಸಿ ಮಾಡಬಹುದು. ಐರೋಪ್ಯ ಒಕ್ಕೂಟ 2022ರ ಸೆಪ್ಟೆಂಬರಿನಲ್ಲಿ, ಆಳಿಲ್ಲದೆ ಒಬ್ಬೊಬ್ಬರೇ ದುಡಿಯುವ ಸ್ವಂತ ಕಸುಬಿನವರು ಬಲಾಢ್ಯ ಕಂಪನಿಯೊಡನೆ ಸಾಮೂಹಿಕ ಒಪ್ಪಂದಕ್ಕೆ ಕೂತರೆ ತಾನು ಅಡ್ಡಬರುವುದಿಲ್ಲವೆಂದು ಮಾರ್ಗಸೂಚಿ ಹೊರಡಿಸಿತು. ನಮ್ಮ ಕಾಯಿದೆಯ 54ನೆಯ ಕಲಮಿನಲ್ಲೂ, ಸಾರ್ವಜನಿಕ ಹಿತಕ್ಕಾಗಿ ಯಾವುದೇ ವರ್ಗಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅದನ್ನು ಯಾರಿಗೆ ಕೊಟ್ಟರು? ಹಡಗಿನ ಕಂಪನಿಗಳು ಒಂದರ ಹಡಗಿನಲ್ಲಿ ಇನ್ನೊಂದು ಸರಕು ಹಾಕುವ ಒಪ್ಪಂದಗಳಿಗೆ 2013ರಿಂದ ಮತ್ತೆ ಮತ್ತೆ ಕೊಟ್ಟರು. ಬೆಲೆ ಕಟ್ಟುವುದಕ್ಕೆ ಆ ವಿನಾಯಿತಿ ಇಲ್ಲ, ನಿಜ. ಆದರೆ ಸಮುದ್ರ ದಾಟುವ ಹಡಗಿನವರ ಅರ್ಜಿ ದೆಹಲಿಗೆ ತಲುಪಿತು, ಮಳವಳ್ಳಿಯ ಬಸ್ಸಿನಲ್ಲಿ ಹೋಗುವ ಅರ್ಜಿ ತಲುಪಬೇಡವೇ? ಸ್ವಂತ ಕೈಯಿಂದ ದುಡಿಯುವ ಚಿಕಿತ್ಸಕರು ವಿಮಾ ಕಂಪನಿಯೊಡನೆ, ಆಸ್ಪತ್ರೆಯ ಕಂಪನಿಯೊಡನೆ ಒಟ್ಟಾಗಿ ಮಾತಾಡಲು 54ನೆಯ ಕಲಮಿನಲ್ಲಿ ವಿನಾಯಿತಿ ಕೊಡಿ, ರೋಗಿಯಿಂದ ನೇರ ತೆಗೆದುಕೊಳ್ಳುವ ಫೀಸಿಗೆ ಕೊಡಬೇಡಿ ಎಂದು ನಾವು ಕೇಳುತ್ತಿದ್ದೇವೆ. ಸರ್ಕಾರಕ್ಕೆ ಹೀಗೆ ಒಟ್ಟಾಗಿ ಅರ್ಜಿ ಕೊಡುವುದು ಯಾವ ಕೂಟವೂ ಅಲ್ಲ.

ಸರ್ಕಾರವೇ ಬೆಲೆ ಕಟ್ಟಿದರೆ ಅದೂ ಕೂಟವಲ್ಲ. ಈ ಮಾತು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ರೈತ ಕಾರ್ಖಾನೆಯ ಎದುರು ನಿಂತು ಚೌಕಾಸಿ ಮಾಡಲಾರ ಎಂದೇ 1966ರ ಕಬ್ಬು ನಿಯಂತ್ರಣ ಆಜ್ಞೆಯ ಕಾಲದಿಂದ ಕೇಂದ್ರ ಸರ್ಕಾರ ಕಬ್ಬಿನ ಕನಿಷ್ಠ ಬೆಲೆ ಗೊತ್ತುಮಾಡುತ್ತದೆ. ಬಾಕಿಗಾಗಿ ಬೀದಿಗಿಳಿಯುವುದು ತಪ್ಪಿಲ್ಲ, ಆದರೂ ಕೇಳಲು ಒಂದು ದರವಾದರೂ ಇದೆ. ವಿಮಾ ಕಂಪನಿ ಚಿಕಿತ್ಸಕನಿಗೆ ಕೊಡಬೇಕಾದ ಕನಿಷ್ಠ ದರಕ್ಕೆ ಅಂಥ ಆಜ್ಞೆ ಏಕಿರಬಾರದು? 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮು, ದೇಹದ ಕಾಯಿಲೆಗೆ ಇರುವಂತೆ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದು ಹೇಳಿದೆ. ಹಕ್ಕು ಬರೆದವರು ಹಣದ ದಾರಿಯನ್ನೂ ಬರೆಯಬೇಕು.

ಆಮೇಲೆ ಸಹಕಾರದ ದಾರಿ. ಆರಿಜೋನಾದ ತೀರ್ಪಿನಲ್ಲೇ ಒಂದು ಮಾತಿದೆ: ಆ ಡಾಕ್ಟರುಗಳು ಬಂಡವಾಳ ಕೂಡಿಸಿ ಲಾಭನಷ್ಟಕ್ಕೆ ಒಟ್ಟಾಗಿ ಹೆಗಲು ಕೊಟ್ಟಿದ್ದರೆ ಅವರನ್ನು ಒಂದೇ ಸಂಸ್ಥೆ ಎಂದು ನೋಡಬಹುದಿತ್ತು. ಮೂವರು ಮೂರು ಕಡೆ ಇದ್ದುಕೊಂಡು ದರ ಮಾತ್ರ ಒಂದು ಮಾಡುವುದಕ್ಕೂ, ಯಂತ್ರ, ಬಾಡಿಗೆ, ಲೆಕ್ಕ, ನಷ್ಟ ಎಲ್ಲವನ್ನೂ ಒಂದು ಮಾಡುವುದಕ್ಕೂ ಅಜಗಜಾಂತರ. ಹಾಲು ಹಾಕುವ ಹೆಂಗಸು ಡೈರಿಯಲ್ಲಿ ಒಂದೇ ದರ ಪಡೆಯುವುದು ಸಹಕಾರ ಸಂಘವೇ ಹಾಲು ಮಾರುವುದರಿಂದ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಾಗಲಿ, 1997ರ ಸೌಹಾರ್ದ ಕಾಯಿದೆಯಾಗಲಿ ಇದಕ್ಕೆ ಸಾಕು. ಹೆಸರಿಗೆ ಮಾತ್ರ ಸಹಕಾರಿಯಾಗಿ ಒಳಗೆ ಹಳೇ ದರಪಟ್ಟಿ ಇದ್ದರೆ ಕಾಯಿದೆಯ ಕಣ್ಣು ತಪ್ಪದು. ಸಹಕಾರಿ ಎಂದ ಕೂಡಲೇ ಕ್ಷೇಮವೆಂದೂ ಇಲ್ಲ. ರೈತರ ಷೇರಿನ ಪಾಂಡವಪುರದ ಸಕ್ಕರೆ ಕಾರ್ಖಾನೆ 2020ರಲ್ಲಿ 40 ವರ್ಷಕ್ಕೆ ಖಾಸಗಿ ಗುತ್ತಿಗೆಗೆ ಹೋದದ್ದನ್ನು ನೋಡಿದ್ದೇವೆ. ಆದರೂ ಇರುವ ದಾರಿಗಳಲ್ಲಿ ಇದು ನೆಟ್ಟಗಿನ ದಾರಿ.

ರೋಗಿಯ ಕಡೆಯಿಂದ ಹೇಳಬೇಕಾದ್ದು ಇಷ್ಟು. ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಯವರು, ಆಪ್ತಸಲಹೆಯವರು ಖಾಯಂ ಹುದ್ದೆಯಲ್ಲಿ ದಿನವೂ ಕೂತಿದ್ದರೆ ಹೊರಗಿನ ದರ ತಾನೇ ಅಂಕೆಯಲ್ಲಿರುತ್ತದೆ. 2014ರಲ್ಲಿ ತಂದ ಮನೋಚೈತನ್ಯ ಕಾರ್ಯಕ್ರಮದ ಏರ್ಪಾಡು ಮಂಗಳವಾರ ಮಾನಸಿಕ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂಬುದು. ಸಾಲದ ಭಾರದಲ್ಲಿ ರೈತ ಹಗ್ಗ ಹುಡುಕುವುದು ಮಂಗಳವಾರ ಮಾತ್ರವೇ? 2015ರಲ್ಲಿ ಈ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಏನಾಯಿತೆಂಬುದು ಸರ್ಕಾರಕ್ಕೆ ಮರೆತಿರಬಹುದು, ಹಳ್ಳಿಗಳಿಗೆ ಮರೆತಿಲ್ಲ.

ಬಂದ ಮೂವರೊಡನೆ ಮಧ್ಯಾಹ್ನದವರೆಗೆ ಮಾತು ನಡೆಯಿತು. ಸಭೆ ಸೇರಬಹುದು, ಕಸುಬಿನ ಹೊಸ ವಿಚಾರ ಹಂಚಿಕೊಳ್ಳಬಹುದು, ಸುಳ್ಳು ಸರ್ಟಿಫಿಕೇಟಿನವರ ಮೇಲೆ ದೂರು ಕೊಡಬಹುದು, ತನ್ನ ದರವನ್ನು ತಾನೇ ಗೋಡೆಗೆ ಬರೆದು ಹಾಕಬಹುದು, ರಾಜ್ಯದ ಕಾಯಿದೆಯೂ ಅದನ್ನು ಕೇಳುತ್ತದೆ ಎಂದು ಹೇಳಿದೆವು. ಮದ್ದೂರಿನವರಿಗೆ ಅಷ್ಟು ಸಮಾಧಾನವಾಗಲಿಲ್ಲ. "ಅರ್ಜಿ ದೆಹಲಿಗೆ ಹೋಗಿ ಬರೋ ಹೊತ್ತಿಗೆ ನನ್ನ ಬಾಡಿಗೆ ಕರಾರು ಮುಗಿದಿರುತ್ತೆ ಮೇಷ್ಟ್ರೇ" ಎಂದರು. ಅದಕ್ಕೆ ನಮ್ಮಲ್ಲಿ ಒಳ್ಳೆಯ ಉತ್ತರ ಇರಲಿಲ್ಲ. ಆಪ್ತಸಲಹೆಯ ಹೆಣ್ಣುಮಗಳು ಹಾಳೆಯನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡು, ಸಹಕಾರ ಸಂಘ ನೋಂದಾಯಿಸಲು ಎಷ್ಟು ಜನ ಬೇಕೆಂದು ಕೇಳಿದರು. ಸಹಕಾರ ಇಲಾಖೆಯಲ್ಲಿ ವಿಚಾರಿಸಿ, ಬೈಲಾದ ಒಂದು ಮಾದರಿಯನ್ನು ಬರುವ ಭಾನುವಾರದೊಳಗೆ ತರಿಸಿಕೊಡುವುದಾಗಿ ಒಪ್ಪಿಕೊಂಡಿದ್ದೇವೆ. ಮೂರು ತಾಲ್ಲೂಕಿನ ಇದೇ ಕಸುಬಿನವರು ಅಂದು ಬೆಳಿಗ್ಗೆ ಹತ್ತು ಗಂಟೆಗೆ ಪಕ್ಷದ ಕಚೇರಿಗೆ ಬರಬಹುದು. ದರದ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು.